ಹತ್ತು ಲಕ್ಷ ಗಂಟೆ

ವೈಯಾಲಾದಲ್ಲಿ ಜನವರಿ. ನಲವತ್ತನಾಲ್ಕು ಡಿಗ್ರಿ.
ಉಕ್ಕಿನ ಕಾರ್ಖಾನೆಯ ಕೆಂಪು ಧೂಳು
ಕಿಟಕಿಯ ಬಲೆಯಲ್ಲಿ ಕುಂಕುಮ ಜರಡಿ ಹಿಡಿದ ಹಾಗೆ.
ಮಧ್ಯಾಹ್ನ ನಾಲ್ಕಕ್ಕೆ, ಗಳಿಗೆ ನೋಡಿ ಕಾದಿದ್ದಂತೆ,
ನನ್ನ ಕಂಪ್ಯೂಟರು ಕಣ್ಣು ಮುಚ್ಚುತ್ತದೆ.

ಹನ್ನೊಂದು ಡಬ್ಬಿಗಳಿಂದ ನಾನೇ ಕಟ್ಟಿದ್ದು,
ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ, ಊಟದ ಮೇಜಿನ ಮೇಲೆ.
ಒಂದೊಂದು ಭಾಗ ಮುಟ್ಟುವ ಮೊದಲೂ
ನಲ್ಲಿ ಮುಟ್ಟಿ, ಮೈಯ ಕರೆಂಟು ಕಳೆದುಕೊಂಡು.
ಅಜ್ಜಿಯ ಮಡಿಗೂ ಇಷ್ಟು ನೇಮ ಇರಲಿಲ್ಲ.

ಮೆರ್ವ್ ಟಾಂಕಿನ್ ಬೇಲಿ ದಾಟಿ ಬಂದ.
ಮೂವತ್ತೆರಡು ವರ್ಷ ಕುಲುಮೆಯ ಬಾಯಲ್ಲಿ ದುಡಿದವನು,
ಈಗ ಹವಾಯಿ ಚಪ್ಪಲಿ, ಕಿವಿಯ ಮೇಲೆ ಪೆನ್ಸಿಲು.
ಜ್ವರ ನೋಡುವಂತೆ ಕೈಯ ಹಿಂಬದಿ ಪೆಟ್ಟಿಗೆಗೆ ತಾಗಿಸಿ
ಕೇಳಿದ್ದು ಒಂದೇ: "ಪವರ್ ಸಪ್ಲೈ ಯಾವುದು?"

ತಲೆ ತಗ್ಗಿಸಿದೆ.
ಗಾಜಿನ ಬಾಗಿಲಿಗೆ, ನವಿಲುಬಣ್ಣದ ದೀಪಗಳಿಗೆ ಸುರಿದು ಸುರಿದು
ಕೈ ಬಿಗಿಹಿಡಿದದ್ದು ಅಲ್ಲಿ, ಯಾರೂ ಬಗ್ಗಿ ನೋಡದ
ತಳದ ಆ ಬೂದು ಡಬ್ಬಿಯಲ್ಲಿ.
ಎಲ್ಲರಿಗೂ ಬಡಿಸುವುದು ಅದೇ.
"ಎಲ್ಲರೂ ಉಳಿಸೋದು ಅಲ್ಲೇ" ಅಂದ. ಬೈಯಲಿಲ್ಲ.

ಅವನ ಬಳಿ ಒಂದು ನೋಟುಬುಕ್ಕು, ಸತ್ತವುಗಳ ಜಾತಕ.
ಹೆಸರು, ದುಡಿದ ಗಂಟೆ, ಕಾರಣ.
ಫ್ಯಾನು, ಒಂಬತ್ತು ಸಾವಿರ, ಧೂಳು.
ಮದರ್‌ಬೋರ್ಡು, ನಲವತ್ತು ಸಾವಿರ, ಕೆಪಾಸಿಟರು ಪೂರಿಯಾಗಿ
(ಪೂರಿ ನನ್ನ ಮಾತು. ಅವನು ಬರೆದದ್ದು ಬರೀ ಊತ.)
ಡಿಸ್ಕು, ಇನ್ನೂರ ಹನ್ನೊಂದು, ಗೊತ್ತಿಲ್ಲ.

ಇನ್ನೂರ ಹನ್ನೊಂದೇ?
ಡಬ್ಬಿಯ ಮೇಲೆ ಹತ್ತು ಲಕ್ಷ ಗಂಟೆ ಅಂತ ಇರುತ್ತದಲ್ಲ!
ಅಂಗಡಿಯಲ್ಲೇ ಲೆಕ್ಕ ಹಾಕಿದ್ದೆ, ನೂರ ಹದಿನಾಲ್ಕು ವರ್ಷ,
ನಾನು ಹೋದ ಮೇಲೂ ತಿರುಗುತ್ತಿರುತ್ತದೆ ಎಂದು ನಕ್ಕಿದ್ದೆ.

"ಅದು ಒಬ್ಬನ ಆಯುಸ್ಸಲ್ಲ, ಊರಿನ ಲೆಕ್ಕ.
ಸಾವಿರ ಡಿಸ್ಕು ಒಟ್ಟಿಗೆ ತಿರುಗಿಸು,
ಸರಾಸರಿ ನಲವತ್ತೆರಡು ದಿನಕ್ಕೊಂದು ಹೋಗುತ್ತದೆ.
ನಿನ್ನ ಮೇಜಿನ ಮೇಲಿರೋದು ಒಂದೇ ಒಂದು.
ಅದರ ಸರದಿ ಕಂಪನಿಗೂ ಗೊತ್ತಿಲ್ಲ."

ನಾನು ಸುಮ್ಮನಾದೆ.
ರಾತ್ರಿಪಾಳಿಯಲ್ಲಿ ನಾನೂ ಹೇಳುತ್ತೇನೆ, ನೂರಕ್ಕೆ ತೊಂಬತ್ತು ಎಂದು,
ಹಾಸಿಗೆಯ ಪಕ್ಕ ಕೂತ ಒಬ್ಬರೇ ಒಬ್ಬರಿಗೆ.

ಅಡಿಲೇಡಿನಿಂದ ಹೊಸ ಸಪ್ಲೈ ಬಂತು, ನೂರ ನಲವತ್ತು ಡಾಲರು.
ಮಾರನೆಯ ದಿನ ನಾಲ್ಕಕ್ಕೆ ಮತ್ತೆ ಕತ್ತಲು.
ಶಾಲೆಯ ರಬ್ಬರು ತಂದು ಮೆಮೊರಿಯ ಚಿನ್ನದ ಹಲ್ಲು ಉಜ್ಜಿದೆವು.
ಕತ್ತಲು.
ಕೊನೆಗೆ ಮೆರ್ವ್ ಪೆಟ್ಟಿಗೆಯನ್ನೇ ಎತ್ತಿ,
ಎಳೆಗೂಸನ್ನು ಮಗ್ಗುಲು ಬದಲಿಸುವಂತೆ ವಾಲಿಸಿದ.

ಟಿಣ್.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.
ಇಲ್ಲಿ ದೊಣ್ಣೆ ಜೋಳದ ಕಾಳಿನಷ್ಟು.
ಮೊದಲ ರಾತ್ರಿ ಬೆರಳಿಂದ ಜಾರಿದ ಸ್ಕ್ರೂ,
ಫ್ರಿಜ್ಜಿನ ಅಡಿಗೆ ಹೋಗಿರಬೇಕೆಂದು
ನಿದ್ದೆಗಣ್ಣಲ್ಲಿ ನನಗೆ ನಾನೇ ಒಪ್ಪಿಸಿದ್ದು.
ಬೋರ್ಡಿನ ಬೆನ್ನಿಗೆ ಸಿಕ್ಕಿಕೊಂಡು
ಬಿಸಿಲೇರಿ ಹಲಗೆ ಸ್ವಲ್ಪವೇ ಬಾಗಿದಾಗ, ನಾಲ್ಕಕ್ಕೆ,
ಮುಟ್ಟಬಾರದ್ದನ್ನು ಮುಟ್ಟುತ್ತಿತ್ತು.

ಬೂದು ಡಬ್ಬಿ ಷೆಡ್ಡಿನಲ್ಲಿ ಬಿದ್ದಿತ್ತು.
ಅಗ್ಗದವನ ಮೇಲೆಯೇ ಅಲ್ಲವೇ ಮೊದಲ ಗುಮಾನಿ.
ತಂದು, ಒರೆಸಿ, ಮತ್ತೆ ಜೋಡಿಸಿದೆ.
ನಾಲ್ಕಾಯಿತು. ಐದಾಯಿತು. ಫ್ಯಾನು ತಿರುಗುತ್ತಲೇ ಇತ್ತು.

ಮೆರ್ವ್ ಪುಟ ತೆರೆದ. ಗಂಟೆ, ಆರುನೂರು ಚಿಲ್ಲರೆ.
ಕಾರಣದ ಕಾಲಂಗೆ ಬಂದು ಪೆನ್ಸಿಲು ನಿಲ್ಲಿಸಿ
ನನ್ನ ಹೆಸರಿನ ಸ್ಪೆಲಿಂಗು ಕೇಳಿದ.
ಮಂದಾಕಿನಿ. ಒಂದೊಂದೇ ಅಕ್ಷರ ಹೇಳಿದೆ, ತಡವರಿಸದೆ.
ಹಿಂದಿನ ಪುಟಗಳಲ್ಲಿ, ಅದೇ ಕಾಲಮ್ಮಿನಲ್ಲಿ,
ಹನ್ನೆರಡು ಸಲ ಮೆರ್ವ್ ಅಂತ ಇತ್ತು.

ಸ್ಕ್ರೂವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ.
ಸುತ್ತು ಸವೆದಿಲ್ಲ, ತಲೆ ಜಜ್ಜಿಲ್ಲ.
"ಇದು ಚೆನ್ನಾಗೇ ಇದೆ" ಅಂದು
ಜೇಬಿಗೆ ಹಾಕಿಕೊಂಡು ಬೇಲಿ ದಾಟಿದ.